ತೇವದ ಡಬ್ಬಿ

ಜುಬೇರನ ನಸೀಬು ಕೆಟ್ಟಿದ್ದು ಎರಡನೇ ಹತ್ತಿ ರಾಶಿಯಿಂದ. ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪಿನಲ್ಲಿ ಶೇಕಡಾ ಎಂಟು ತೋರಿಸುತ್ತಿದ್ದ ತೇವ ಹತ್ತೂಕಾಲಿಗೆ ಐವತ್ತೊಂದಕ್ಕೆ ಹಾರಿತು.

ಹಿರಿಯೂರಿನಲ್ಲಿ ಮಿಕ್ಸಿ, ಮೋಟರು ರಿಪೇರಿ ಮಾಡಿಕೊಂಡಿದ್ದ ಜುಬೇರ್ ಈಚೆಗೆ ಈ ತೇವದ ಡಬ್ಬಿಗೆ ಕೈ ಹಾಕಿದ್ದ. ಹತ್ತಿ ರಾಶಿಯೊಳಗೆ ಸೆನ್ಸರ್ ಚುಚ್ಚಬೇಕು, ಅದರ ವೈರನ್ನು ಗೋಡೆಯ ಮೇಲಿನ ಡಬ್ಬಿಯ ತೂತಿಗೆ ಸಿಕ್ಕಿಸಬೇಕು, ಡಬ್ಬಿಯಿಂದ ಯುಎಸ್‌ಬಿ ಕೇಬಲ್ಲು ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪು ಸೀರಿಯಲ್ ಪೋರ್ಟಿನಲ್ಲಿ, ಅಂದರೆ ಆ ಕೇಬಲ್ಲಿನ ದಾರಿಯಲ್ಲಿ, ಸೆಕೆಂಡಿಗೊಮ್ಮೆ ‘ಇಂಥ ತೂತಿನಲ್ಲಿ ಎಷ್ಟು?’ ಅಂತ ಕೇಳುತ್ತದೆ, ಡಬ್ಬಿ ಅಂಕಿ ಹೇಳುತ್ತದೆ. ಕೇಳದಿದ್ದರೆ ಅದು ಬಾಯಿ ಬಿಡುವುದಿಲ್ಲ.

ಮೊದಲ ಡಬ್ಬಿ ದಯಾನಂದ ಸಾವ್ಕಾರರ ಹತ್ತಿ ಗೋದಾಮಿನಲ್ಲಿ ನಿನ್ನೆಯಷ್ಟೇ ಕೂತಿತ್ತು, ನಾಲ್ಕು ರಾಶಿಗೆ ನಾಲ್ಕು ವೈರು. ಇವತ್ತು ಹನ್ನೊಂದಕ್ಕೆ ಅದನ್ನು ನೋಡಲು ಮೂವರು ವರ್ತಕರು ಬರುವವರಿದ್ದರು. ಅವರು ಒಪ್ಪಿದರೆ ಊರ ಗೋದಾಮುಗಳೆಲ್ಲ ಜುಬೇರನ ಕೈಗೆ ಬಂದಂತೆ. ಒಪ್ಪದಿದ್ದರೆ ಸಾಯುವತನಕ ಮಿಕ್ಸಿ ಜುಬೇರನೇ. ಹೆಂಡತಿ ರೆಹಾನಾ ಬೆಳಿಗ್ಗೆ ನಮಾಜಿನಲ್ಲಿ ಇದನ್ನೇ ಬೇಡಿಕೊಂಡಿದ್ದಳು.

“ಐವತ್ತೊಂದಾ?” ಸಾವ್ಕಾರರು ಕುರ್ಚಿಯಿಂದ ಎದ್ದೇಬಿಟ್ಟರು. “ಯಾರೋ ನೀರು ಹೊಯ್ದಾರೆ! ನನ್ನ ಹೆಸರು ಕೆಡಿಸಾಕೆ ಯಾರೋ ನಿಂತಾರೆ!”

ಜುಬೇರ್ ಸುತ್ತ ಕಣ್ಣಾಡಿಸಿದ. ಡಬ್ಬಿಯ ಪಕ್ಕದಲ್ಲಿ ಹಮಾಲಿ ಬೀರಪ್ಪ ಎಲೆಗೆ ಸುಣ್ಣ ಹಚ್ಚುತ್ತ ನಿಂತಿದ್ದ. ಉಗುಳಲು ಹೊರಗೆ ಹೋದ, ಅಂಕಿ ಒಂಬತ್ತಕ್ಕಿಳಿಯಿತು. ಒಳಗೆ ಬಂದ, ಐವತ್ನಾಲ್ಕು.

“ಬೀರಣ್ಣ, ಇನ್ನೊಂದ್ಸಲ ಹೊರಗೋಗಿ ಬಾ ನೋಡಾಣ.”

ಹೋದ, ಬಂದ. ಐವತ್ತೇಳು. ಜುಬೇರ್ ಬೀರಪ್ಪನನ್ನು ಅಡಿಯಿಂದ ಮುಡಿವರೆಗೆ ನೋಡಿದ. ನಿನ್ನೆ ವೈರು ಸಿಕ್ಕಿಸಿಕೊಟ್ಟು ಒಟ್ಟಿಗೆ ಚಾ ಕುಡಿದ ಮನುಷ್ಯ ಇಂಥವನೇ!

“ಏನಣ್ಣ, ನಾನೇನು ಮೋಡನಾ?” ಬೀರಪ್ಪನಿಗೆ ಸಿಟ್ಟು ಬಂತು. “ಬಂದ್ರೆ ತೇವ ಆಗಾಕೆ, ಹೋದ್ರೆ ಒಣಗಾಕೆ?”

“ಮಿಷನ್ನು ಸುಳ್ಳು ಹೇಳಲ್ಲ ಕಣ್ಲೇ, ಟವೆಲ್ಲು ಹಿಂಡು!” ಅಂದರು ಸಾವ್ಕಾರರು. ಟವೆಲ್ಲಿನಿಂದ ಧೂಳು ಬಿಟ್ಟು ಬೇರೇನೂ ಬೀಳಲಿಲ್ಲ.

ಅನುಮಾನ ಹತ್ತಿದ ಮೇಲೆ ಕೇಳಬೇಕೆ? ಉಳಿದ ಹಮಾಲಿಗಳನ್ನೂ ಒಬ್ಬೊಬ್ಬರಾಗಿ ಡಬ್ಬಿಯ ಮುಂದೆ ನಿಲ್ಲಿಸಿದರು. ಒಬ್ಬನಿಗೆ ನಲವತ್ತು, ಇನ್ನೊಬ್ಬನಿಗೆ ಅರವತ್ತು. ಐವತ್ತು ದಾಟಿದವರನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದ್ದಾಯಿತು. ಅಷ್ಟರಲ್ಲಿ ಸಾವ್ಕಾರರ ತಾಯಿ ಉಚ್ಚಂಗಮ್ಮ ಮಜ್ಜಿಗೆ ಚೊಂಬು ಹಿಡಿದು ಬಂದರು. ಎಪ್ಪತ್ತೆರಡು! ಸಾವ್ಕಾರರು ಕೆಮ್ಮಿ, “ಮಜ್ಜಿಗೆ ಐತಲ್ಲ, ಅದಕ್ಕೇ,” ಅಂದರು.

ಏನೋ ಎಡವಟ್ಟಾಗಿದೆ ಅನ್ನಿಸಿ ಜುಬೇರ್ ತಾನೇ ಡಬ್ಬಿಗೆ ಕೈ ಇಟ್ಟ. ನೂರು.

“ಕಳ್ಳ ಸಿಕ್ಕಿದ!” ಬೀರಪ್ಪ ಕುಣಿದಾಡಿದ. “ಅಂಗಿ ಮುಟ್ಟಿ ನೋಡ್ರಿ ಸಾವ್ಕಾರ್ರೆ, ತೊಪ್ಪೆ ಆಗೈತೆ!”

“ಅದು ಬೆವರು ಮಾರಾಯ!”

“ಎಲ್ಲ ಕಳ್ರೂ ಹಂಗೇ ಅಂತಾರೆ. ಬಿಚ್ಚು ಅಂಗಿ!”

ಬನಿಯನ್ನಿನಲ್ಲಿ ನಿಂತ ಜುಬೇರನನ್ನು ನಾಲ್ಕು ಮಂದಿ ತಡಕುತ್ತಿದ್ದಾಗ ಮೂವರು ವರ್ತಕರು ಒಳಗೆ ಬಂದರು. ಮಾನ ಹೋಯಿತಲ್ಲಪ್ಪ ಅಂತ ಅವನಿಗೆ ಅಳುವೇ ಬಂತು. ಬಿಡಿಸಿಕೊಂಡು ಹೋಗಿ ಡಬ್ಬಿಯ ಮುಚ್ಚಳ ಕಿತ್ತ. ‘ಒಂದು’ ಅಂತ ಬರೆದ ತೂತು ಖಾಲಿ ಇತ್ತು.

“ಬೀರಣ್ಣ, ನಿನ್ನೆ ವೈರು ಹೆಂಗೆ ಸಿಕ್ಕಿಸ್ದೆ?”

“ಲೆಕ್ಕ ಮಾಡಿ ಹಾಕು ಅಂದ್ಯಲ್ಲ. ಮೊದಲ್ನೇ ತೂತಿಗೆ ಲಾಭ ಅಂತ ಹಾಕ್ದೆ. ಆಮ್ಯಾಲೆ ಎರಡು, ಮೂರು, ನಾಲ್ಕು. ನಂಬರ್ ನೋಡೇ ಹಾಕೀನಿ.”

ಜುಬೇರ್ ಹಣೆ ಚಚ್ಚಿಕೊಂಡ. ಮಂಡಿಯಲ್ಲಿ ಹುಟ್ಟಿ ಬೆಳೆದ ಯಾವ ಹಮಾಲಿ ‘ಒಂದು’ ಅಂತ ಎಣಿಕೆ ಶುರು ಮಾಡುತ್ತಾನೆ? ಶುಭವಾಗಲಿ ಅಂತ ಮೊದಲನೆಯದು ಯಾವತ್ತೂ ‘ಲಾಭ’, ಆಮೇಲೆ ನೇರ ಎರಡು. ಡಬ್ಬಿಯ ತೂತುಗಳೋ ಸೊನ್ನೆಯಿಂದ ಶುರು. ಸೊನ್ನೆಯಲ್ಲಿ ಲಾಭ ಕೂತು ‘ಒಂದು’ ಖಾಲಿ ಉಳಿದಿತ್ತು. ಜುಬೇರನ ಪ್ರೋಗ್ರಾಮು ಮಾತ್ರ ಸೊನ್ನೆ, ಒಂದು, ಎರಡು, ಮೂರನ್ನೇ ಕೇಳುತ್ತಿತ್ತು. ವೈರಿಲ್ಲದ ತೂತು ಹತ್ತಿರ ಬಂದವರ ಮೈಯ ಕರೆಂಟಿಗೆಲ್ಲ ಬೆದರಿ ಬಾಯಿಗೆ ಬಂದ ಅಂಕಿ ಹೇಳುತ್ತಿತ್ತು. ‘ನಾಲ್ಕು’ ಅಂತ ಬರೆದ ತೂತನ್ನು ಈತನಕ ಯಾರೂ ಕೇಳಿಯೇ ಇರಲಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದಾಗ ವರ್ತಕರು ನಕ್ಕರು. “ಇರ್ಲಿ ಬಿಡಪ್ಪ, ಅಂಗಿ ಹಾಕ್ಕ. ಸರಿ ಮಾಡಿ ತೋರ್ಸು, ನಾವೂ ಒಂದೊಂದು ತಗಂತೀವಿ.”

ಹೋದ ಜೀವ ಬಂದಂತಾಗಿ ಜುಬೇರ್ ಪ್ರೋಗ್ರಾಮಿನ ಅಂಕಿಗಳನ್ನು ತಿದ್ದಿದ. ಮೊದಲ ರಾಶಿ ಎಂಟು. ಎರಡನೆಯದು ಒಂಬತ್ತು. ಮೂರನೆಯದು ಎಂಟು. ನಾಲ್ಕನೆಯದು ಮೂವತ್ನಾಲ್ಕು.

“ತಗೀರಿ ಅದನ್ನ,” ಅಂದರು ಸಾವ್ಕಾರರು ಅವಸರದಲ್ಲಿ. “ಅದೂ ಖಾಲಿ ತೂತೇ ಇರ್ಬೇಕು.”

“ಇಲ್ಲ ಸಾವ್ಕಾರ್ರೆ, ಇದ್ರಾಗೆ ವೈರು ಐತೆ!” ಜುಬೇರ್ ಓಡಿಹೋಗಿ ನಾಲ್ಕನೇ ರಾಶಿಗೆ ಮೊಣಕೈವರೆಗೆ ಕೈ ಹಾಕಿದ. ಹಿಡಿ ಹತ್ತಿ ಕಿತ್ತು ಎಲ್ಲರೆದುರು ಹಿಂಡಿದ. ನೀರು ತೊಟ್ಟಿಕ್ಕಿತು. “ನೋಡ್ರಿ! ನನ್ ಡಬ್ಬಿ ಹಿಡೀತು ನೋಡ್ರಿ! ಯಾರು ಹೊಯ್ದವ್ರು, ಈಗ ಹೇಳ್ರಿ!”

“ಯಾಕೋ ಹಂಗೆ ಅರಚ್ತೀಯ?” ಉಚ್ಚಂಗಮ್ಮ ಚೊಂಬು ಕೆಳಗಿಟ್ಟರು. “ನಾನೇ ಕಣೋ. ನಾಳೆ ಮಿಲ್ಲಿಗೆ ಹೋಗೋ ರಾಶಿ ಅದು. ಎರಡು ಬಿಂದಿಗೆ ಹೊಡಿಯವ್ವ ಅಂತ ದಯಾನಂದನೇ ಹೇಳಿದ್ನಲ್ಲ. ತೂಕ ಬರ್ಬೇಕಲ್ಲಪ್ಪ, ಪ್ರತಿ ಸಲ ಹೊಡೆಯೋದೇ ತಾನೆ?”

ಸಾವ್ಕಾರರು ಸೂರು ನೋಡಿದರು. ವರ್ತಕರು ನಗಲಿಲ್ಲ. ಒಬ್ಬರು ವಾಚು ನೋಡಿಕೊಂಡರು, ಇನ್ನೊಬ್ಬರು ಬಾರದ ಫೋನನ್ನು ಕಿವಿಗಿಟ್ಟುಕೊಂಡರು. ಬಂದ ದಾರಿಯಲ್ಲೇ ಮೂವರೂ ಜಾಗ ಖಾಲಿ ಮಾಡಿದರು. ಸಾವ್ಕಾರರು ಡಬ್ಬಿಯನ್ನು ಗೋಡೆಯಿಂದ ಕಿತ್ತು ಜುಬೇರನ ಕೈಗಿಟ್ಟು ಬಾಗಿಲು ತೋರಿಸಿದರು.

ಗೇಟಿನ ಹತ್ತಿರ ಆ ಮೂವರಲ್ಲಿ ಹಿರಿಯರಾದ ವರ್ತಕರು ಕಾಯುತ್ತಿದ್ದರು. ಜುಬೇರನ ಹೆಗಲ ಮೇಲೆ ಕೈ ಹಾಕಿ, ಆಚೀಚೆ ನೋಡಿ, ದನಿ ತಗ್ಗಿಸಿದರು.

“ಬಲು ಚೊಲೋ ಐತಪ್ಪ ನಿನ್ನ ಡಬ್ಬಿ. ಯಾವಾಗ್ಲೂ ಎಂಟೇ ತೋರ್ಸೋದು ಇದ್ರೆ ಹೇಳು, ಮೂರು ಮಂದೀನೂ ಈಗ್ಲೇ ತಗಂತೀವಿ.”