ನೀರು ಕಂಡರಾಗದ ಚುಕ್ಕಿಗಳು

ಲಗ್ಗೆರೆಯ ಆ ತಾರಸಿಯ ಮೇಲೆ ಈರೇಶ್ ಒಂದು ನಿಂಬೆಹಣ್ಣು ಇಡದೇ ಇದ್ದಿದ್ದರೆ ಅವನ ದಿನ ಬೇರೆ ಥರ ಮುಗಿಯುತ್ತಿತ್ತು. ಇಟ್ಟದ್ದಾದರೂ ಯಾತಕ್ಕೆ? ಗಾಳಿಗೆ ಕಾಗದ ಹಾರದಿರಲಿ ಅಂತ.

ಆ ಕಾಗದದಲ್ಲಿ ಅವನ ಎರಡು ವರ್ಷದ ದುಡಿಮೆ ಇತ್ತು. ದಾವಣಗೆರೆ ಕಡೆಯ ಈರೇಶ್ ತುಮಕೂರು ರಸ್ತೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರೋಟೀನಿನ ಭೌತಶಾಸ್ತ್ರ ಮಾಡುತ್ತಿದ್ದ. ಲ್ಯಾಬಿಲ್ಲ, ಗಾಜಿನ ಸೀಸೆಯಿಲ್ಲ, ಬರೀ ಥಿಯರಿ. ಪ್ರೋಟೀನು ಅಂದರೆ ಅವನ ಲೆಕ್ಕದಲ್ಲಿ ಕರಿಮಣಿ ಬಿಳಿಮಣಿ ಪೋಣಿಸಿದ ಒಂದು ಸರ. ಕರಿಮಣಿಗಳಿಗೆ ನೀರು ಕಂಡರಾಗದು. ಅದಕ್ಕೇ ಸರ ಮುದುಡಿಕೊಂಡು ಅವುಗಳನ್ನು ಒಳಗಡೆ, ಒಂದರ ಪಕ್ಕ ಒಂದು ಬಚ್ಚಿಡುತ್ತದೆ. ನಲವತ್ತೊಂಬತ್ತು ಮಣಿಯ ತನ್ನ ಸರವನ್ನು ಯಾರು ಹೇಗೇ ಮಡಚಿದರೂ ಕರಿಗೆ ಕರಿ ತಾಗುವ ಜೋಡಿಗಳು ಇಪ್ಪತ್ತೆರಡನ್ನು ದಾಟುವುದಿಲ್ಲ ಎಂಬುದು ಈರೇಶನ ಸಿದ್ಧಾಂತ. ಮಧ್ಯಾಹ್ನ ಮೂರಕ್ಕೆ ಫೋನಿನಲ್ಲೇ ಸಮಿತಿಯ ಮುಂದೆ ಅದನ್ನು ಮಂಡಿಸಬೇಕಿತ್ತು. ಒಪ್ಪಿದರೆ ಕೆಲಸ ಇನ್ನೆರಡು ವರ್ಷ. ಇಲ್ಲದಿದ್ದರೆ ಈ ತಿಂಗಳಿಗೇ ಮಂಗಳಾರತಿ.

ಕರೆಂಟು ಹೋಗಿತ್ತು. ಫೋನನ್ನು ಕೆಳಗೆ ಪವರ್ ಬ್ಯಾಂಕಿಗೆ ಸಿಕ್ಕಿಸಿ, ಕೊನೆಯದಾಗಿ ಒಮ್ಮೆ ಸರವನ್ನು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ದೊಡ್ಡದಾಗಿ ಬರೆದು ನೋಡೋಣವೆಂದು ಅವನು ಸೀಮೆಸುಣ್ಣ, ಇದ್ದಿಲು ಹಿಡಿದು ತಾರಸಿಗೆ ಬಂದಿದ್ದ. ಅವತ್ತು ಅಮಾವಾಸ್ಯೆ ಅನ್ನುವುದು ಅವನ ಕ್ಯಾಲೆಂಡರಿನಲ್ಲಿರಲಿಲ್ಲ.

ಎದುರು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಶಶಿಕಲಾ ಕ್ಯಾಲೆಂಡರು ನೋಡಿಯೇ ಹಲ್ಲುಜ್ಜುವವಳು. "ಆಂಜಿನಪ್ಪಣ್ಣಾ! ನಿಮ್ ಬಾಡಿಗೆಯೋರು ಅಮಾಸೆ ದಿನ ಕರಿ ಚುಕ್ಕಿ ಬರ್ದು ನಿಂಬೆಹಣ್ಣು ಇಟ್ಟವ್ರೆ ಕಣ್ರೀ!" ಎಂದು ಕೂಗಿದ್ದು ಲಗ್ಗೆರೆ ದಾಟಿ ನಾಗಸಂದ್ರದ ಮೆಟ್ರೋಗೆ ಕೇಳಿಸಿರಬೇಕು.

ಓನರ್ ಆಂಜಿನಪ್ಪ ಲುಂಗಿ ಎತ್ತಿ ಕಟ್ಟಿಕೊಂಡೇ ಮೇಲೆ ಬಂದ. ಹಿಂದೆಯೇ ಕೆಳಗಿನ ಮನೆಯ ಬಸಲಿಂಗ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವನು, ಎಲ್ಲರ ವಿಷಯವನ್ನೂ ಕೂದಲೆಳೆಯಷ್ಟು ನಿಖರವಾಗಿ ಅಳೆಯುವವನು.

"ಏನ್ ಸಾರ್ ಇದು?"

"ಪ್ರೋಟೀನು ಅಣ್ಣಾ."

"ಬೇಳೆಯೊಳ್ಗಿರ್ತದಲ್ಲ, ಅದಾ?"

"ಅದೇ. ಅದು ನೀರಲ್ಲಿ ಹೆಂಗೆ ಮಡಚ್ಕೊಳ್ಳುತ್ತೆ ಅಂತ ಲೆಕ್ಕ."

"ಬೇಳೆ ಯಾಕ್ ಮಡಚ್ಕಂತದೆ? ಬೇಯ್ತದೆ ಅಷ್ಟೇ."

"ಮತ್ತ ಈ ಕರಿವು ಏನ್ರೀ?" ಬಸಲಿಂಗ ಬಗ್ಗಿ ನೋಡಿದ.

"ಅವಕ್ಕೆ ನೀರು ಕಂಡ್ರಾಗಲ್ಲ."

ಆಂಜಿನಪ್ಪನ ಮುಖ ಇದ್ದಿಲಿಗಿಂತ ಕಪ್ಪಾಯಿತು. "ಕೇಳುದ್ಯಾ ಬಸಲಿಂಗಾ? ನೀರು ಕಂಡ್ರಾಗಲ್ವಂತೆ! ನನ್ ಬೋರ್‌ವೆಲ್ಲು ಮೂರ್ ದಿನದಿಂದ ಗಾಳಿ ಉಗೀತಾ ಐತಲ್ಲ, ಯಾಕೆ ಅಂತಿದ್ದೆ!"

"ಅಯ್ಯೋ ಅಣ್ಣಾ, ಅದಕ್ಕೂ ಇದಕ್ಕೂ..."

"ಯಾವಾಗಿಂದ ಮಾಡ್ತಿದ್ದೀರ ಇದ್ನ?"

"ಎರಡು ವರ್ಷದಿಂದ," ಎಂದ ಈರೇಶ್. ಸತ್ಯ ಹೇಳುವುದು ಅವನಿಗೆ ಚಿಕ್ಕಂದಿನ ಕಾಯಿಲೆ.

"ಎಲ್ಡ್ ವರ್ಸ! ಅಳಿಸಿ ಸಾರ್ ಮೊದ್ಲು! ಇಲ್ಲಾಂದ್ರೆ ಪೂಜಾರಪ್ಪನ್ನ ಕರುಸ್ತೀನಿ!"

"ಮೂರು ಗಂಟೆ ತನಕ ಬಿಡ್ರೀ, ಕೈ ಮುಗೀತೀನಿ!" ಎಂದು ಈರೇಶ್ ಚುಕ್ಕಿಗಳಿಗೆ ಅಡ್ಡ ನಿಂತ. ಅದು ಇನ್ನೂ ಕೆಟ್ಟದಾಗಿ ಕಂಡಿತು. ಮೂರಕ್ಕೆ ಏನೋ ಎದ್ದು ಬರುತ್ತದೆಂದು ಶಶಿಕಲಾ ಅರ್ಧ ಬಟ್ಟೆ ಬಿಟ್ಟು ಒಳಗೆ ಓಡಿದಳು.

ಅಷ್ಟರಲ್ಲಿ ಆಂಜಿನಪ್ಪನ ಅತ್ತಿಗೆ ಪಿಳ್ಳಮ್ಮ ಒಂದು ಕೈಯಲ್ಲಿ ಮಂಡಿ, ಇನ್ನೊಂದರಲ್ಲಿ ರಂಗೋಲಿ ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಚುಕ್ಕಿಗಳನ್ನು ಒಂದು ಸುತ್ತು ನೋಡಿದಳು. "ಮಾಟ ಅಂತೆ ಮಾಟ! ರಂಗೋಲಿ ಕಣ್ರೋ ಇದು. ಅದೂ ಕೆಟ್ ರಂಗೋಲಿ."

ಈರೇಶನಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರದೆ ಜಂಬ ಕೊಚ್ಚಿತು. "ಕೆಟ್ಟದಲ್ಲಮ್ಮಾ, ಇದಕ್ಕಿಂತ ಚೆನ್ನಾಗಿ ಯಾರ ಕೈಲೂ ಆಗಲ್ಲ. ಎಳೆ ಎಲ್ಲೂ ಒಂದನ್ನೊಂದು ದಾಟಬಾರದು, ಮಣಿಗಳ ಸಾಲು ಅದಲುಬದಲಾಗಬಾರದು. ಕರಿ ಪಕ್ಕ ಕರಿ, ಇಪ್ಪತ್ತೆರಡೇ ಜೋಡಿ."

"ಸಾಲು ಓದು ನೋಡಾನ," ಎಂದು ಪಿಳ್ಳಮ್ಮ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಳು. ಬಿಳಿಗೆ ರಂಗೋಲಿ ಪುಡಿ, ಕರಿಗೆ ಇದ್ದಿಲ ಪುಡಿ. "ಕರಿ, ಬಿಳಿ, ಬಿಳಿ, ಕರಿ..." ಎಂದು ಈರೇಶ್ ಸಹಸ್ರನಾಮದಂತೆ ಓದತೊಡಗಿದ. "ಮಂತ್ರ ಸುರು ಮಾಡುದ್ರು!" ಎಂದು ಎದುರು ಮನೆಯ ಕಿಟಕಿ ಕೂಗಿತು.

ನಾಲ್ಕೇ ನಿಮಿಷ. ಈರೇಶ್ ಎಣಿಸಿದ. ಮತ್ತೆ ಎಣಿಸಿದ. ಬಸಲಿಂಗನೂ ಬೆರಳಿಟ್ಟು ಎಣಿಸಿದ. "ಇಪ್ಪತ್ನಾಕ್ರೀ. ಎರಡು ಜಾಸ್ತಿ ಬಂದಾವು."

ಎರಡು ವರ್ಷದ ಸಿದ್ಧಾಂತ ಅಲ್ಲೇ ಸಿಮೆಂಟಿನ ಮೇಲೆ ತೀರಿಕೊಂಡಿತ್ತು. ಆದರೆ ಈರೇಶನ ಕಣ್ಣು ಹೊಳೆಯಿತು. ತಪ್ಪೊಪ್ಪಿಕೊಂಡು ಇಂಥದ್ದೊಂದನ್ನು ತೋರಿಸಿದರೆ ಸಮಿತಿ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ! ಮೂರಕ್ಕೆ ಎರಡು ನಿಮಿಷ. ಫೋನ್ ತರಲು ಮೂರು ಮೂರು ಮೆಟ್ಟಿಲು ಹಾರಿ ಓಡಿದ.

ವಾಪಸು ಹತ್ತುವಾಗಲೇ ವಿಡಿಯೋ ಕಾಲ್ ಬಂತು. ಸಮಿತಿಯ ಮುಖ್ಯಸ್ಥೆ ಮಹಾನಂದಾ ಮೇಡಂ, "ಹೇಳಿ ಈರೇಶ್," ಎಂದರು.

"ಮೇಡಂ, ನನ್ನ ಸಿದ್ಧಾಂತ ತಪ್ಪು! ಇಪ್ಪತ್ತೆರಡಲ್ಲ, ಇಪ್ಪತ್ನಾಲ್ಕು! ಈಗ್ಲೇ ತೋರಿಸ್ತೀನಿ, ನೋಡಿ!" ಎಂದು ಏದುಸಿರು ಬಿಡುತ್ತ ಕ್ಯಾಮೆರಾ ನೆಲಕ್ಕೆ ತಿರುಗಿಸಿದ.

ನೆಲ ಕನ್ನಡಿಯಂತಿತ್ತು. ಪಿಳ್ಳಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಅಮ್ಮಾ! ಎಲ್ಲಿ?"

"ಓಡಾಡೋ ಜಾಗ. ರಂಗೋಲಿ ತುಳುದ್ರೆ ಪಾಪ ಅಂತ ಗುಡುಸ್ಬುಟ್ಟೆ."

"ಮತ್ತೆ ಹಾಕಿ! ಅದನ್ನೇ!"

"ಅದ್ನೇನಾ? ಹಾಕಿದ್ ರಂಗೋಲಿ ಯಾರಪ್ಪಾ ಗ್ಯಾಪಕ ಮಡಿಕ್ಕಂತಾರೆ? ದಿನಾ ಒಂದೊಂದು."

ಆದರೂ ಅವನ ಮುಖ ನೋಡಲಾರದೆ ಕೂತು ಹಾಕಿದಳು. ಸಮಿತಿ ಉಸಿರು ಬಿಗಿಹಿಡಿದು ನೋಡಿತು. ಬಸಲಿಂಗ ಎಣಿಸಿದ. ಹತ್ತೊಂಬತ್ತು.

"ಆಗ ಇಪ್ಪತ್ನಾಕ್ ಇತ್ರೀ ಮೇಡಮ್ಮಾರ, ನಾ ಸಾಕ್ಷಿ!" ಬಸಲಿಂಗ ಫೋನಿಗೆ ಬಾಯಿ ಹಾಕಿದ.

"ಸಾಕ್ಷಿ ಸಾಲದು ಸಾರ್, ಪ್ರೂಫ್ ಬೇಕು," ಎಂದರು ಮೇಡಂ. "ಈರೇಶ್, ಇಪ್ಪತ್ತೆರಡು ತಪ್ಪು ಅಂತ ನೀವೇ ಹೇಳಿದ್ರಿ, ಬರ್ಕೊಂಡಿದೀವಿ. ಇಪ್ಪತ್ನಾಲ್ಕಕ್ಕೆ ಪ್ರೂಫ್ ಇಲ್ಲ. ಕಮಿಟಿ ಏನ್ ಮಾಡೋಕಾಗುತ್ತೆ? ಸಾರಿ."

ಕಾಲ್ ಕಟ್ಟಾಯಿತು. ಈರೇಶ್ ನೀರಿನ ಟ್ಯಾಂಕಿಗೆ ಒರಗಿ ಕುಸಿದ. ಆಂಜಿನಪ್ಪನಿಗೆ ಅಯ್ಯೋ ಅನಿಸಿತು. ಎಷ್ಟಾದರೂ ತನ್ನ ಮನೆಯವನು.

"ಪ್ರೂಪು ಇಲ್ಲ ಅಂತಾರಲ್ಲ, ಏನ್ ಜನ! ಪ್ರೂಪಿಲ್ದೆ ನಾನ್ ಯಾರ್ಗೂ ಮನೆ ಕೊಟ್ಟೋನೇ ಅಲ್ಲ. ತಡೀರಿ ಸಾರ್!" ಎಂದು ದಡದಡ ಇಳಿದುಹೋಗಿ ಬೀರುವಿನಿಂದ ಒಂದು ಫೈಲು ತಂದ. ಈರೇಶನ ಆಧಾರ್ ಜೆರಾಕ್ಸು, ಅಗ್ರಿಮೆಂಟು, ಸಂಸ್ಥೆಯ ಐಡಿ ಕಾರ್ಡು. "ಕಳ್ಸಿ ಅವ್ರಿಗೆ. ಯಾವ್ ಪ್ರೂಪ್ ಬೇಕು ಇನ್ನಾ?"

ಕೊಡಲು ಹೋದವನು ಐಡಿ ಕಾರ್ಡಿನ ಜೆರಾಕ್ಸನ್ನು ಬಿಸಿಲಿಗೆ ಹಿಡಿದು ತಡೆದ. ಕಣ್ಣು ಕಿರಿದು ಮಾಡಿ ಓದಿದ.

"ಅಲ್ಲಾ ಸಾರ್, ಇದು ಈ ಮೂವತ್ತಕ್ಕೆ ಮುಗೀತದಲ್ಲ?... ಟು-ಲೆಟ್ ಬೋರ್ಡು ಇವತ್ತೇ ಕಟ್ಬುಡ್ಲಾ?"