ಶುಕ್ರವಾರ ಏನನ್ನೂ ಆಚೆ ಹಾಕಬಾರದು

ಆ ಶುಕ್ರವಾರವೂ ಎಲ್ಲ ಶುಕ್ರವಾರಗಳ ಹಾಗೇ ಶುರುವಾಯಿತು. ಹೊಸಿಲು ತೊಳೆದು ಅರಿಸಿನ ಹಚ್ಚಿದೆ, ರಂಗೋಲಿ ಎಳೆದೆ, ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದೆ. ಡಿಕಾಕ್ಷನ್ ತೊಟ್ಟಿಕ್ಕತೊಡಗಿತೋ ಇಲ್ಲವೋ, ಮುಂದಿನ ಕೋಣೆಯಿಂದ ಸುಪ್ರಭಾತ ಕೇಳಿಸಿತು.

"ಏಳಪ್ಪಾ ಅರಕಲಗೂಡು... ಏಳು ಮರಿ. ಹೊಳೆನರಸೀಪುರ ಆಗಲೇ ಎದ್ದು ಕೂತಿದೆ, ನಿನಗೇನು ಬಂತು ದಾಡಿ?"

ದೇವರನ್ನು ಎಬ್ಬಿಸುವವರನ್ನು ನೀವು ನೋಡಿರಬಹುದು. ಊರುಗಳನ್ನು ಎಬ್ಬಿಸುವವರನ್ನು ನೋಡಬೇಕಾದರೆ ಹಾಸನದ ನಮ್ಮ ಮನೆಗೇ ಬರಬೇಕು! ಅವರು ನಮ್ಮ ಭಾವನವರು, ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಆಗಿದ್ದರೆ ಇದನ್ನೆಲ್ಲ ಆ ಪುಣ್ಯಾತ್ಗಿತ್ತಿ ಬರೆಯುತ್ತಿದ್ದಳು, ನಾನು ಕಾಲು ಚಾಚಿಕೊಂಡು ಓದುತ್ತಿದ್ದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಟ್ಟು ಬಂದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು ಎಂದು ಸಿಸ್ಟರು ಹೇಳಿಕೊಟ್ಟಿದ್ದರು. ನಮ್ಮ ಭಾವನವರಿರುವ ಮನೆಗೆ ಸೊಸೆಯಾಗಿ ಬಂದಮೇಲೆ ಎಣಿಸಿ ಎಣಿಸಿ ನನಗೆ ಸಂಖ್ಯೆಗಳ ಮೇಲೇ ದ್ವೇಷ ಹುಟ್ಟಿಬಿಟ್ಟಿದೆ. "ಅಣ್ಣ ಅಲ್ವಾ, ಬಿಡು" ಎಂದು ನಮ್ಮ ಯಜಮಾನರು ಶಾಂತಿಗ್ರಾಮದ ಹೈಸ್ಕೂಲಿಗೆ ಹೋಗುವ ಬಸ್ಸು ಹತ್ತಿಬಿಡುತ್ತಾರೆ. ಆ ಊರಿನ ಹೆಸರಿನಲ್ಲಿರುವ ಶಾಂತಿ ಅವರಿಗೆ, ಇಲ್ಲಿನ ಅಶಾಂತಿ ನನಗೆ!

ಭಾವನವರು ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ. ಅದಕ್ಕೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಾಖೆಗಳು. ಹಿಂದೆ ಪ್ರತಿ ಊರಿಗೂ ಒಂದೊಂದು ಸರ್ವರ್ ಇತ್ತಂತೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಅವನ್ನೆಲ್ಲ ತೆಗೆದು ಹಾಸನದಲ್ಲಿ ಒಂದೇ ದೊಡ್ಡ ಯಂತ್ರ ಇಟ್ಟರು. ಅದರ ಹೊಟ್ಟೆಯೊಳಗೆ, ನಿಜವಾಗಿ ಇಲ್ಲದ, ಆದರೆ ಇದ್ದ ಹಾಗೇ ಕೆಲಸ ಮಾಡುವ ಮೂರು ಯಂತ್ರಗಳು. ಅವುಗಳ ಹೆಸರೇ ಊರುಗಳ ಹೆಸರು. ಮೊದಲ ವಾರ ಭಾವನವರು ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ "ಚನ್ನರಾಯಪಟ್ಟಣ ಬಿದ್ದೋಗಿದೆ ಕಣ್ರೀ!" ಎಂದು ಕಿರುಚಿದಾಗ, ಪಕ್ಕದ ಮನೆಯ ಜಯಮ್ಮ ಹಾಲು ಕರೆಯುತ್ತಿದ್ದ ಚೊಂಬು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದಿದ್ದರು. ಪಾಪ, ಅವರ ತವರು ಬಾಗೂರು, ಅದೇ ತಾಲ್ಲೂಕು!

"ಒಂದೇ ಯಂತ್ರದೊಳಗಿನ ಜಾಗವನ್ನು ಮೂರು ಊರಿಗೆ ಹೇಗೆ ಕೊಡ್ತೀರಿ?" ಎಂದು ನಾನೊಮ್ಮೆ ಕೇಳಿದ್ದೆ.

"ಅದೇ ಚಮತ್ಕಾರ ಕಣಮ್ಮಾ! ಪ್ರತಿಯೊಬ್ಬರಿಗೂ ಇಡೀ ಜಾಗ ನಿಂದೇ ಅಂತ ಹೇಳೋದು. ಎಲ್ಲರೂ ಒಟ್ಟಿಗೆ ಎಲ್ಲಿ ಕೇಳ್ತಾರೆ?"

"ಕೇಳಿದರೆ?"

"ಕೇಳೋದಿಲ್ಲ."

ಯಂತ್ರದ ಮಟ್ಟಿಗೆ ಇದು ಶಾಸ್ತ್ರವಿರಬಹುದು. ನಮ್ಮ ಭಾವನವರು ಇದನ್ನೇ ಮನೆಗೂ ಅನ್ವಯಿಸಿದರೆ? ನಮ್ಮ ಬಾಡಿಗೆ ಮನೆಯಲ್ಲಿ ಹೆಚ್ಚಿನ ಕೋಣೆ ಅಂತ ಇರುವುದು ಆ ಮುಂದಿನದೊಂದೇ. ಅಲ್ಲಿ ಅವರ ಮಂಚ, ಲ್ಯಾಪ್‌ಟಾಪು, ಟವೆಲ್ ಹೊದ್ದುಕೊಂಡ ಯುಪಿಎಸ್ಸು, ಕುಂಕುಮ ಹಚ್ಚಿಸಿಕೊಂಡ ಮೋಡೆಮ್ಮು. ಅದನ್ನು ಅವರು ಎಷ್ಟು ಜನಕ್ಕೆ "ನಿಮ್ಮದೇ ಕೋಣೆ" ಎಂದು ಕೊಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ.

ಅಂಥವರಲ್ಲಿ ನಾನೂ ಒಬ್ಬಳು. ಬೀದಿಯ ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡಬೇಕು ಎಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಮದುವೆಯಾದಂದಿನಿಂದ ನನ್ನ ಇಂಗ್ಲಿಷು ಮಾತ್ರೆಯ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವುದಕ್ಕೆ ಬಿಟ್ಟರೆ ಇನ್ನೊಂದಕ್ಕೆ ಬಳಕೆಯಾಗಿರಲಿಲ್ಲ. ತಪ್ಪು ಹೇಳಿದೆ. ಭಾವನವರ ಫೋನಿಗೂ ಬಳಕೆಯಾಗುತ್ತಿತ್ತು! ಯಂತ್ರ ಕೆಟ್ಟರೆ ಕಂಪನಿಯ ಸಪೋರ್ಟಿನವರಿಗೆ ಫೋನು ಮಾಡಬೇಕು. ಅವರದೆಲ್ಲ ನುಣುಪು ಇಂಗ್ಲಿಷು. "ಕಾನ್ವೆಂಟು, ಬಾಮ್ಮಾ ಇಲ್ಲಿ!" ಎಂದು ಕೂಗು. ನಾನು ಚಪಾತಿ ಹಿಟ್ಟಿನ ಕೈಯಲ್ಲೇ ಹೋಗಿ, ಜೀವಮಾನದಲ್ಲಿ ಕಣ್ಣಿಂದ ನೋಡದ ಯಂತ್ರದ ರೋಗಲಕ್ಷಣಗಳನ್ನು ವಿವರಿಸಬೇಕು. "ಲ್ಯಾಬಿನಲ್ಲೇ ಕೂತು ಮಾಡಬಾರದೇ?" ಎಂದರೆ, "ಅಲ್ಲಿ ಇಂಗ್ಲಿಷ್ ಯಾರಿಗೆ ಬರುತ್ತಮ್ಮಾ?" ನಮ್ಮ ಕಾರ್ಡ್‌ಲೆಸ್ ಫೋನಿನ ಗುಂಡಿಗಳ ಸಂದಿಯಲ್ಲಿ ಇವತ್ತಿಗೂ ದೋಸೆ ಹಿಟ್ಟಿದೆ. ಬೇಕಾದರೆ ಬಂದು ನೋಡಿ.

ಆ ಶುಕ್ರವಾರ ನಾಲ್ಕು ಗಂಟೆಗೆ ನನ್ನ ಮೊದಲ ಕ್ಲಾಸು. ಕಪ್ಪು ಹಲಗೆ ತರಿಸಿದ್ದೆ, ಹಳೇ ಸೀರೆಯಲ್ಲಿ ಡಸ್ಟರ್ ಹೊಲಿದಿದ್ದೆ. ನಾಲ್ಕಾರು ತಾಯಂದಿರು, "ನೋಡಾನ, ಒಂದಿನ ಕಳಿಸ್ತೀವಿ" ಎಂದಿದ್ದರು. ಮೊದಲ ದಿನವೇ ಕೂರಲು ಜಾಗವಿಲ್ಲವೆಂದು ಮಕ್ಕಳನ್ನು ವಾಪಸು ಕಳಿಸಿದರೆ ಎರಡನೆಯ ದಿನ ಯಾರು ಕಳಿಸುತ್ತಾರೆ? ಭಾವನವರನ್ನು ಮೊದಲೇ ಕೇಳಿದ್ದೆ. "ಧಾರಾಳವಾಗಿ! ನಿಂದೇ ಕೋಣೆ ಕಣಮ್ಮಾ" ಎಂದಿದ್ದರು. ನಿಂದೇ!

ಬೆಳಗಿನ ತಿಂಡಿಯ ಹೊತ್ತಿಗೆ ಫೋನು ಬಂತು. ಅರಕಲಗೂಡು ಶಾಖೆಯ ಹೆಣ್ಣುಮಗಳು. ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸುತ್ತಿತ್ತು.

"ಸಾ, ಕಂಪ್ಯೂಟ್ರಿಂದ ಚೀಟಿ ಬತ್ತಾ ಇಲ್ಲ ಸಾ! ಚೀಟಿ ಇಲ್ದೆ ಸೂಜಿ ಚುಚ್ಚಂಗಿಲ್ಲ. ಎಲ್ರೂ ಖಾಲಿ ಒಟ್ಟೇಲಿ ಕುಂತವ್ರೆ. ಒಬ್ರು ಯಜಮಾನ್ರು ಚೀಲದಿಂದ ಬನ್ನು ತಗ್ದು ತೋರುಸ್ತಾವ್ರೆ ಸಾ, ತಿಂದ್ಬುಡ್ಲಾ ಅಂತ!"

"ತಿನ್ನಬೇಡಿ ಅನ್ನಿ! ಬನ್ನು ಒಳಗಿಡಿಸಿ!" ಭಾವನವರು ಬೆವತುಹೋದರು. ಅರಕಲಗೂಡು ನಿಂತದ್ದರ ಹಿಂದೆಯೇ ಮಿಕ್ಕೆರಡು ಊರುಗಳೂ ಮಲಗಿದವು.

ಕಾರಣ ನನಗೆ ಆಗಲೇ ಗೊತ್ತಿತ್ತು. ಅಪ್‌ಡೇಟ್ ಮಾಡುವ ಮುಂಚೆ, ಯಂತ್ರ ಇದ್ದದ್ದು ಇದ್ದ ಹಾಗೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಬೇಕಂತೆ. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಬಹುದು. ಎಲ್ಲ ಸರಿಹೋದ ಮೇಲೆ ಅದನ್ನು ಅಳಿಸಿಬಿಡಬೇಕು, ಇಲ್ಲದಿದ್ದರೆ ಅದು ದಿನದಿನಕ್ಕೆ ಊದುತ್ತ ಜಾಗವನ್ನೆಲ್ಲ ನುಂಗುತ್ತದೆ. ನಮ್ಮ ಭಾವನವರು ಅಳಿಸುತ್ತಾರೆಯೇ? ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಆಚೆ ಹಾಕಬಾರದು ಎಂದು ನಮ್ಮತ್ತೆ ಇದ್ದಾಗ ಹೇಳುತ್ತಿದ್ದರು. ಅವರು ಹೇಳಿದ್ದು ಹರಿದ ಮೊರ, ಹಳೇ ಪೊರಕೆಯ ವಿಷಯ! ಇವರು ಅದನ್ನು ಸರ್ವರಿಗೂ ವಿಸ್ತರಿಸಿದರು. ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ. ಗುರುವಾರ ರಾಯರ ವಾರ. ಶನಿವಾರ ಕಬ್ಬಿಣದ ಸಹವಾಸ ಬೇಡ. ಅಮಾವಾಸ್ಯೆ ಕೇಳಲೇಬೇಡಿ. ಮಿಕ್ಕ ದಿನಗಳಲ್ಲಿ "ಇರಲಿ ಬಿಡಮ್ಮಾ, ಯಾವ ಕಾಲಕ್ಕೆ ಬೇಕಾಗುತ್ತೋ!" ನಮ್ಮ ಅಟ್ಟವೂ ಹೀಗೆಯೇ ತುಂಬಿದ್ದು. ಮುಚ್ಚಳವಿಲ್ಲದ ಬಾಟಲಿಗಳಿಗೊಂದು ಚೀಲ, ಬಾಟಲಿಯಿಲ್ಲದ ಮುಚ್ಚಳಗಳಿಗೊಂದು ಚೀಲ. ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿದ್ದೀರಾ ಎಂದು ಕೇಳಿದರೆ, "ಅದಕ್ಕೂ ಒಂದು ದಿನ ಬರುತ್ತೆ!"

"ಕಾನ್ವೆಂಟು!" ಕೂಗು ಬಂತು. ಹೋದೆ.

ಕಂಪನಿಯವರ ಸಂಗೀತ ಮುಗಿಯುವಷ್ಟರಲ್ಲಿ ಒಗ್ಗರಣೆಯ ಸಾಸಿವೆ ಕರಕಲಾಗಿತ್ತು. ಆಮೇಲೆ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದಳು. ಜಾಗ ಪೂರ್ತಿ ತುಂಬಿದೆ, ಸ್ನ್ಯಾಪ್‌ಶಾಟ್ ಅಳಿಸುವ ಕೆಲಸಕ್ಕೂ ಒಂದಿಷ್ಟು ಜಾಗ ಬೇಕು, ಮೊದಲು ಬೇರೆ ಏನಾದರೂ ತೆಗೆಯಿರಿ ಎಂದಳು.

"ನಿಮಗೆ ಬೇಡದ್ದು ಏನಾದರೂ ಇದೆಯಾ ಅಂತ ಕೇಳ್ತಿದ್ದಾರೆ," ಎಂದೆ.

ಭಾವನವರು ಗಂಭೀರವಾಗಿ ಯೋಚಿಸಿದರು. "ಬೇಡದ್ದು ಅಂತ ಯಾವುದೂ ಇರಲ್ಲ ಅಂತ ಹೇಳಮ್ಮಾ."

ಅಷ್ಟರಲ್ಲಿ ಆಕೆಯೇ ಅಲ್ಲಿಂದ ನೋಡಿ ಪತ್ತೆ ಹಚ್ಚಿದಳು. ಆ ಮೂರರ ಜೊತೆಗೆ ಲೆಕ್ಕಕ್ಕಿಲ್ಲದೆ ಉಳಿದಿದ್ದ, ಹಾಸನ ಶಾಖೆಯದೊಂದು ಹಳೇ ಯಂತ್ರ. ಯಾರೂ ಬಳಸುತ್ತಿಲ್ಲ, ಆಫ್ ಮಾಡಿ ಎಷ್ಟೋ ಕಾಲವಾಗಿದೆ, ಆದರೂ ಹೆಬ್ಬಾವಿನ ಹಾಗೆ ಬಿದ್ದುಕೊಂಡಿದೆ. ಅದರಲ್ಲಿದ್ದದ್ದೆಲ್ಲ ಹೊಸದಕ್ಕೆ ಬಂದಾಗಿದೆ ಎಂದು ಭಾವನವರೇ ಒಪ್ಪಿದರು. ಹಾಗಾದರೆ ಅಳಿಸಲೇ ಎಂದಳು.

"ಅಯ್ಯೋ, ಇವತ್ತು ಶುಕ್ರವಾರ!"

ಇದನ್ನು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಸಿಸ್ಟರು ಹೇಳಿಕೊಟ್ಟಿರಲಿಲ್ಲ. ಇವತ್ತು ಶುಕ್ರವಾರವಂತೆ ಎಂದೆ. "ಹೌದು ಮೇಡಂ," ಎಂದಳು ಆಕೆ, "ಇಲ್ಲೂ ಶುಕ್ರವಾರವೇ."

ಆಗಲೇ ಬಾಗಿಲಲ್ಲಿ ಆಟೋ ನಿಂತಿತು. ಹೊಳೆನರಸೀಪುರದ ದೊಡ್ಡಮ್ಮ! ಕಣ್ಣು ತೋರಿಸಲು ಬಂದಿದ್ದರು, ಎರಡು ಚೀಲ, ಒಂದು ತಲೆದಿಂಬಿನ ಸಮೇತ. "ಮುಂದಿನ ಕೋಣೆ ನಿಮ್ಮದೇ ಅಂತ ಹೇಳಿದ್ನಲ್ಲೇ ನಿನ್ನ ಭಾವ," ಎನ್ನುತ್ತ ಮಂಚದ ಮೇಲೆ ಉರುಳಿಕೊಂಡರು. ಅವರ ಬೆನ್ನಿಗೇ ರಾಮನಾಥಪುರದ ಬಸ್ಸಿಳಿದು ಪುರೋಹಿತರು ಬಂದರು. ಸಂಜೆ ಹಾಸನದಲ್ಲಿ ಯಾರದೋ ಮನೆಯ ಹೋಮ, ಅಲ್ಲಿಯವರೆಗೆ ವಿಶ್ರಾಂತಿಗೆ, ನೀವೇ ಊಹಿಸಿ, ಅದೇ ಕೋಣೆ! ಎಲ್ಲರೂ ಒಟ್ಟಿಗೆ ಎಲ್ಲಿ ಕೇಳ್ತಾರೆ? ಕೇಳಿಯೇಬಿಟ್ಟರಲ್ಲ ಸ್ವಾಮೀ!

ಫೋನಿನ ಹೆಣ್ಣುಮಗಳು ಕಾಯುತ್ತಿದ್ದಳು. ಭಾವನವರು ಪುರೋಹಿತರನ್ನೇ ಹಿಡಿದುಕೊಂಡರು. "ಶುಕ್ರವಾರ ಅಳಿಸಬಹುದೇ?"

"ವಸ್ತು ಯಾವುದು?"

"ವಸ್ತು ಇಲ್ಲ. ಇದ್ದ ಹಾಗಿದೆ."

ಪುರೋಹಿತರು ದರ್ಭೆಯ ಕಟ್ಟನ್ನು ಯುಪಿಎಸ್ಸಿನ ಮೇಲಿಟ್ಟು ಚಿಂತಿಸಿದರು. "ಇಲ್ಲದ್ದನ್ನು ಆಚೆ ಹಾಕಿದರೆ ದೋಷ ಹೇಗೆ ಬಂದೀತು? ಆದರೆ ಇದ್ದ ಹಾಗಿದೆ ಅಂತೀರಿ..."

"ಮನೇಲೇ ಇಲ್ಲವಲ್ಲೋ ಅದು, ಲ್ಯಾಬಿನಲ್ಲಿದೆ," ದೊಡ್ಡಮ್ಮ ಮಲಗಿದಲ್ಲಿಂದಲೇ ಅಂದರು.

"ಅನ್ನ ಕೊಡೋ ಜಾಗ ದೊಡ್ಡಮ್ಮಾ, ಅದೂ ಮನೆಯೇ."

ಇನ್ನೊಂದು ಫೋನು ಹೊಡೆದುಕೊಂಡಿತು. "ಸಾ, ಯಜಮಾನ್ರು ಬನ್ನು ಅರ್ಧ ತಿಂದ್ಬುಟ್ರು ಸಾ!"

ನಾನು ಎಣಿಸಲಿಕ್ಕೆ ಶುರುಮಾಡಿದೆ. ಮೂರಕ್ಕೆ ನಿಲ್ಲಿಸಿದೆ.

"ಸಾಕು ಮಾಡ್ತೀರಾ!" ಎಂದು ಕಿರುಚಿದೆ. ಆ ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ದೊಡ್ಡಮ್ಮ ಎದ್ದು ಕೂತರು. "ಮೂರು ಊರಿನ ಜನ ಕಾಫಿ ಕೂಡ ಕುಡೀದೆ ಕೂತಿದ್ದಾರೆ, ನಿಮಗೆ ವಾರ ತಿಥಿ ನಕ್ಷತ್ರ! ಎಲ್ಲವೂ ಬೇಕು, ಎಲ್ಲರಿಗೂ ಜಾಗ ಇದೆ! ಎಲ್ಲಿದೆ? ತೋರಿಸಿ ನೋಡೋಣ! ನನಗೆ ಒಂದೇ ಒಂದು ಸಂಜೆ, ಒಂದು ಗೋಡೆ, ನಾಲ್ಕು ಚಾಪೆ ಹಾಸೋ ಅಷ್ಟು ನೆಲ ಕೇಳಿದ್ದೆ. ಅದನ್ನೂ ಎಷ್ಟು ಜನಕ್ಕೆ ಹಂಚಿದ್ದೀರಿ ಭಾವಾ?" ಆಮೇಲೆ ಫೋನಿಗೆ, ಸಿಸ್ಟರು ಮೆಚ್ಚುವಂಥ ಇಂಗ್ಲಿಷಿನಲ್ಲಿ, ದಯವಿಟ್ಟು ಅಳಿಸಿಬಿಡಿ ಎಂದೆ. ಭಾವನವರ ಕಡೆ ತಿರುಗಿ, "ದೋಷ ಬಂದರೆ ನನಗೇ ಬರಲಿ. ಒಪ್ಪಿಗೆ ಕೊಡಿ," ಎಂದು ಫೋನು ಅವರ ಕೈಗಿಟ್ಟೆ.

ಅವರು ಕಣ್ಣು ಮುಚ್ಚಿಕೊಂಡು "ಯೆಸ್" ಎಂದರು. ಅವರಿಗೆ ಬರುವ ಇಂಗ್ಲಿಷಿನಲ್ಲಿ ಅರ್ಧ ಅದೇ.

ಚನ್ನರಾಯಪಟ್ಟಣ ಎದ್ದಿತು, ಹೊಳೆನರಸೀಪುರ ಎದ್ದಿತು. ಕೊನೆಗೆ ಅರಕಲಗೂಡೂ ಎದ್ದಿತು. ಬನ್ನಿನ ಯಜಮಾನರನ್ನು ಮಾತ್ರ ನಾಳೆ ಬನ್ನಿ ಎಂದು ಕಳಿಸಿದರಂತೆ.

ನನ್ನ ಸಿಟ್ಟು ಮಲಗಲಿಲ್ಲ. ಊಟಕ್ಕೆ ಬಡಿಸುವಾಗ ಸೌಟು ಪಾತ್ರೆಗೆ ತಾಗಿದ ಸದ್ದಿನಲ್ಲೇ ಎಲ್ಲರಿಗೂ ಅದು ತಿಳಿದಿತ್ತು. ಭಾವನವರು ಮಜ್ಜಿಗೆಯನ್ನು ಎರಡನೇ ಸಲ ಕೇಳಲಿಲ್ಲ. ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಅತ್ತಿಂದಿತ್ತ ತಳ್ಳುತ್ತ ಕೂತಿದ್ದರು. ಕೂತಿರಲಿ! ನನಗೇನು?

ಪಾತ್ರೆ ತೊಳೆದು, ಈಗ ದೊಡ್ಡಮ್ಮನವರನ್ನು ಹೇಗೆ ಎಬ್ಬಿಸುವುದು, ಪುರೋಹಿತರನ್ನು ಎಲ್ಲಿಗೆ ಸಾಗಿಸುವುದು ಎಂದು ಜಗಳದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಮುಂದಿನ ಕೋಣೆಗೆ ಬಂದರೆ, ಕೋಣೆ ಖಾಲಿ! ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿತ್ತು. ಯುಪಿಎಸ್ಸು ಇಲ್ಲ, ಭಾವನವರ ಬಟ್ಟೆಯ ಗಂಟೂ ಇಲ್ಲ. ದೊಡ್ಡಮ್ಮ ನಮ್ಮ ಮಲಗುವ ಕೋಣೆಯಲ್ಲಿ, ಪುರೋಹಿತರು ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ನೆಲ ಗುಡಿಸಿತ್ತು, ಗಂಡಸರು ಗುಡಿಸುವ ಹಾಗೆ, ಮೂಲೆಗಳನ್ನು ಬಿಟ್ಟು. ಕಪ್ಪು ಹಲಗೆ ಮೊಳೆಯಿಂದ ಸೊಟ್ಟಗೆ ತೂಗುತ್ತಿತ್ತು. ಕಿಟಕಿಯ ಮೇಲೆ ಮೋಡೆಮ್ಮೊಂದೇ ಕಣ್ಣು ಮಿಟುಕಿಸುತ್ತಿತ್ತು.

ಭಾವನವರು ಇರಲಿಲ್ಲ. ಲ್ಯಾಪ್‌ಟಾಪೂ ಇಲ್ಲ, ಕಾರ್ಡ್‌ಲೆಸ್ ಫೋನೂ ಇಲ್ಲ. ಸರಿ, ಮುನಿಸಿಕೊಂಡು ಹೊರಟುಹೋಗಿದ್ದಾರೆ! ನನಗೆ ಇನ್ನಷ್ಟು ಉರಿಯಿತು. ತಪ್ಪು ಅವರದು, ಮುನಿಸೂ ಅವರದೇ? ಶಾಖೆಗಳ ವರದಿಗಳೆಲ್ಲ ಹೊರಡುವುದು ಸಂಜೆಯೇ. ಆ ಹೊತ್ತಿನಲ್ಲಿ ಅವರು ಯಂತ್ರ ಬಿಟ್ಟು ಕದಲುವವರಲ್ಲ. ದೋಷ ಕಳೆದುಕೊಳ್ಳಲು ಯಾವ ದೇವಸ್ಥಾನ ಸುತ್ತುತ್ತಿದ್ದಾರೋ!

ಮಕ್ಕಳು ಬಂದರು. ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದು "ಮಿಸ್" ಎಂದಳು. ನಾನು ಹಿಂದೆ ತಿರುಗಿ ನೋಡಿದೆ, ಯಾರನ್ನು ಕರೆದಳೆಂದು. ನನ್ನನ್ನೇ! ಎಲ್ಲರೂ ಕೂರುವಷ್ಟು ನೆಲವಿತ್ತು. ಯಾರೂ ನನ್ನನ್ನು ಮಧ್ಯದಲ್ಲಿ ಕೂಗಲಿಲ್ಲ. ಕ್ಲಾಸು ಮುಗಿಸಿ ಬೀದಿಯ ಕೊನೆಯವರೆಗೆ ಹೋಗುವ ಮಕ್ಕಳನ್ನು ನೋಡುತ್ತ ನಿಂತೆ. ಸೀಮೆಸುಣ್ಣದ ಕೈಯಲ್ಲೇ, ಭಾವನವರು ಬಂದರೆ ಹೇಳಬೇಕಾದ ಮಾತುಗಳನ್ನು ಮತ್ತೊಮ್ಮೆ ಒರೆ ಹಚ್ಚಿಕೊಂಡೆ. ಒಂದನ್ನೂ ಬಿಡುವುದಿಲ್ಲ ಇವತ್ತು!

ಕಾಂಪೌಂಡಿನ ಆಚೆ ಜಯಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನನ್ನನ್ನು ಕಂಡು, ಕೈಯ ಹುಲ್ಲು ಕೊಡವುತ್ತ, ಅದೊಂದು ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ ಅಂದರು:

"ಅಲ್ಲ ಕಣಮ್ಮಾ, ನಿಮ್ ಭಾವ ಇವತ್ತು ಕುಂತಿದ್ದಂಗೇ ಇನ್ಮೇಲೆ ನಿನ್ ಕ್ಲಾಸು ಮುಗಿಯೋಗಂಟ ದಿನಾ ನಮ್ ಜಗಲಿ ಮ್ಯಾಲೇ ಕುಂತ್ಕತೀನಿ ಅಂದವ್ರೆ. ಕುಂತ್ಕಳ್ಲಿ, ಜಗಲಿ ಏನ್ ಸವೆದೋಯ್ತದಾ? ಆದ್ರೆ ಸಂಜೆ ಒತ್ತು ಸೊಳ್ಳೆ ಜಾಸ್ತಿ, ನಾಳೆಯಿಂದ ಕಾಲ್ ಮುಚ್ಕಳಕೆ ಒಂದು ದುಪ್ಪಟಿ ಕೊಟ್ಟು ಕಳ್ಸು."