ಕಾಲಿಗೆ ಕಟ್ಟಿದ ಕೈಗಡಿಯಾರ

"ಇನ್ನೊಂದು ತಿಂಗಳಲ್ಲಿ ನಮ್ಮ ಹಾಲ್‌ನ ಗೋಡೆ ಮೇಲೆ ಐವತ್ತೈದು ಇಂಚಿನ ಟಿವಿ ಬರದಿದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ!"

ಅಳತೆ ಮಾಸ್ಟರು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ತಮ್ಮ ಟೈಲರ್ ಅಂಗಡಿಯ ಹೊಲಿಗೆ ಮಷಿನ್ ಮುಂದೆ ಕೂತು. ಹಾಗಾಗಿ ಪ್ಯಾಂಟಿಗೆ ಕಾದು ನಿಂತಿದ್ದ ಗಿರಾಕಿಗೆ ಅರ್ಧವೂ ಅರ್ಥವಾಗಲಿಲ್ಲ. ಟೀ ಹಿಡಿದು ಮಹಡಿಯಿಂದ ಇಳಿದು ಬಂದ ಹೆಂಡತಿಗೆ ಮಾತ್ರ ಪೂರ್ತಿ ಅರ್ಥವಾಯಿತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ಸೂಜಿ ಭಾಷೆ ಚೆನ್ನಾಗಿ ಕರಗತವಾಗಿತ್ತು.

"ಟಿವಿ ವಿಷಯ ಆಮೇಲೆ. ಡಾಕ್ಟರಮ್ಮ ಏನಂದ್ರು? ಸಕ್ಕರೆ ಏರಿದೆ, ದಿನಾ ಹತ್ತು ಸಾವಿರ ಹೆಜ್ಜೆ ನಡೀಲೇಬೇಕು ಅಂದ್ರು. ಮೊದಲು ಹೆಜ್ಜೆ ಎಣಿಸೋ ವಾಚ್ ತರೋಣ."

"ನಾನು ನಡೆಯಲ್ಲ ಅಂತ ಯಾರಂದ್ರು?"

"ಹೌದು ಹೌದು, ನಡೀತೀರಿ. ಮಹಡಿ ಮನೆಯಿಂದ ಅಂಗಡಿಗೆ ಹದಿನೇಳು ಮೆಟ್ಟಿಲು!"

ಅವಳು ನಗುತ್ತಲೇ ಹೇಳಿದಳು, ಆದರೆ ಒಳಗೆ ಹೆದರಿಕೆಯಿತ್ತು. ಅವಳ ಅಣ್ಣ ಇದೇ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡಿದ್ದ. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ದಿನ ಕಳೆದವಳು ಅವಳೇ. ಗಂಡನ ಕಾಲಿಗೆ ಸೊಳ್ಳೆ ಕಚ್ಚಿದರೂ ಅವಳ ಜೀವ ಝಲ್ಲೆನ್ನುತ್ತಿತ್ತು.

ಭಾನುವಾರ ಇಬ್ಬರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು. ಅವಳು ವಾಚಿನ ಕಪಾಟಿನತ್ತ, ಇವರು ಟಿವಿ ಗೋಡೆಯತ್ತ. ಕೊರಳಲ್ಲಿದ್ದ ಅಳತೆ ಟೇಪನ್ನು ಸರ್ರನೆ ಎಳೆದು ಮಾಸ್ಟರು ಒಂದು ಟಿವಿಯನ್ನು ಎಡದಿಂದ ಬಲಕ್ಕೆ ಅಳೆದೇಬಿಟ್ಟರು.

"ಏನಮ್ಮಾ, ಐವತ್ತೈದು ಅಂತ ಬರ್ದಿದ್ದೀರಿ. ಇಲ್ಲಿ ನಲವತ್ತೆಂಟೇ ಇದೆ! ಉಳಿದ ಏಳಿಂಚು ಎಲ್ಲಿ ಹೋಯ್ತು?"

"ಸಾರ್, ಟಿವಿನ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೀತಾರೆ," ಎಂದಳು ಸೇಲ್ಸ್ ಹುಡುಗಿ.

"ಗಿರಾಕಿಯ ಎದೆ ಅಳತೆನ ನಾನು ಹೆಗಲಿಂದ ಎದುರು ಸೊಂಟಕ್ಕೆ ಓರೆಯಾಗಿ ತಗೊಂಡ್ರೆ ಅವನು ಆ ಅಂಗಿ ಹಾಕ್ಕೊಳ್ತಾನೇನಮ್ಮಾ?"

ಹುಡುಗಿ ಮ್ಯಾನೇಜರನ್ನು ಕರೆಯಲು ಓಡಿದಳು. ಅಷ್ಟರಲ್ಲಿ ಹೆಂಡತಿ ಬಂದು, ಎಲ್ಲರ ಎದುರೇ ಟೇಪನ್ನು ಕಿತ್ತು ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡು ತೀರ್ಪು ಕೊಟ್ಟಳು: ಇವತ್ತು ವಾಚು. ಒಂದು ತಿಂಗಳು ದಿನಾ ಹತ್ತು ಸಾವಿರ ಹೆಜ್ಜೆ ಹಾಕಿದರೆ ಟಿವಿ. ಲೆಕ್ಕವೆಲ್ಲ ವಾಚಿನಿಂದ ನೇರ ಅವಳ ಫೋನಿಗೇ ಬರುತ್ತದೆ!

ಮೊದಲ ದಿನ ಮಾಸ್ಟರು ಪ್ರಾಮಾಣಿಕವಾಗಿ ಬೀದಿ ಸುತ್ತಿದರು. ಎರಡು ಸಲ ಕೂತರು, ಮೂರು ಸಲ ನಿಂತರು. ಸಂಜೆ ನೋಡಿದರೆ ಸಾವಿರದ ಒಂಬೈನೂರು. ಟಿವಿ ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಟ್ಟಿತು.

ಎರಡನೆಯ ದಿನ ನಡೆದದ್ದು ಮಾತ್ರ ದೈವಕೃಪೆ! ಮದುಮಗಳ ರೇಷ್ಮೆ ರವಿಕೆ ಹೊಲಿಯುವಾಗ ವಾಚಿನ ಕೊಂಡಿ ಎಳೆಗೆ ಸಿಕ್ಕಿಕೊಂಡಿತು. ರೇಷ್ಮೆ ಹಾಳಾಗುತ್ತದೆಂದು ಮಾಸ್ಟರು ವಾಚು ಬಿಚ್ಚಿ, ಎಲ್ಲಾದರೂ ಇಟ್ಟರೆ ಮರೆತೇನು ಎಂದು ಕಾಲಿನ ಗಿಣ್ಣಿಗೆ ಕಟ್ಟಿಕೊಂಡರು. ಸಂಜೆಯವರೆಗೂ ಮಷಿನ್ನಿನ ಪೆಡಲ್ ತುಳಿದರು. ದೀಪ ಹಚ್ಚುವ ಹೊತ್ತಿಗೆ ಮಹಡಿಯಿಂದ ಹೆಂಡತಿ ಕಿರುಚಿದ್ದು ಕೇಳಿಸಿತು.

"ರೀ! ಮೂವತ್ತೊಂದು ಸಾವಿರ! ಎಲ್ಲಿ ನಡೆದ್ರಿ ಇಷ್ಟು?"

ಮಾಸ್ಟರು ಬಗ್ಗಿ ಕಾಲಿನ ವಾಚನ್ನೂ ಪೆಡಲನ್ನೂ ನೋಡಿದರು. ಆಮೇಲೆ ಹೊಳೆಯಿತು ನೋಡಿ, ಹೊಳೆಯಬಾರದಿತ್ತು. "ಹೊಲಿದ ಬಟ್ಟೆನೆಲ್ಲ ಗಿರಾಕಿಗಳ ಮನೆಗೆ ನಾನೇ ನಡ್ಕೊಂಡು ಹೋಗಿ ಕೊಟ್ಟೆ ಕಣೇ," ಎಂದುಬಿಟ್ಟರು.

ಅಲ್ಲಿಂದ ಶುರುವಾಯಿತು ಮಾಸ್ಟರ ದಿಗ್ವಿಜಯ! ಇಪ್ಪತ್ತೆಂಟು ಸಾವಿರ, ಮೂವತ್ತೈದು ಸಾವಿರ, ಶಾಲೆಯ ಸಮವಸ್ತ್ರದ ಕಾಲದಲ್ಲಂತೂ ನಲವತ್ತೆರಡು ಸಾವಿರ! ಹೆಂಡತಿ ಊರಿನ ಆ ತುದಿಯಲ್ಲಿದ್ದ ನಾದಿನಿಗೆ ದಿನಾ ಫೋನ್ ಮಾಡಿ ಲೆಕ್ಕ ಒಪ್ಪಿಸಿದಳು. ಡಾಕ್ಟರಮ್ಮ ಆ ಅಂಕಿಗಳನ್ನು ಬೇರೆ ರೋಗಿಗಳಿಗೆ ತೋರಿಸಿ ಛೀಮಾರಿ ಹಾಕಿದರು. "ನಿಮ್ಮಿಂದಾಗಿ ನಮಗೆ ಬೈಗುಳ ಮಾರಾಯ್ರೇ," ಎಂದು ಎದುರು ಅಂಗಡಿಯ ದಿನಸಿಯವನು ಮಾತು ಬಿಟ್ಟ.

ಇಷ್ಟು ನಡೆದು ನಡೆದು ಗಂಡ ಸೊರಗಿಹೋಗಬಾರದಲ್ಲ! ಸಕ್ಕರೆಯಂತೂ ಮುಟ್ಟುವಂತಿಲ್ಲ. ಹೆಂಡತಿ ಬೆಳಿಗ್ಗೆ ಎರಡು ಬಾಳೆಹಣ್ಣು, ಮಧ್ಯಾಹ್ನ ಹಿಡಿ ತುಂಬ ಒಣದ್ರಾಕ್ಷಿ, ಸಂಜೆ ಆರು ಖರ್ಜೂರ ಕೊಟ್ಟಳು. "ನಡೆಯೋ ದೇಹ, ತಿನ್ನಿ," ಎಂದು ತಲೆ ಸವರಿದಳು. ಮಾಸ್ಟರು ತಲೆ ತಗ್ಗಿಸಿ ತಿಂದರು.

ತಿಂಗಳ ಕೊನೆಗೆ ರಕ್ತ ಪರೀಕ್ಷೆ. ಡಾಕ್ಟರಮ್ಮ ಚೀಟಿ ನೋಡಿದರು, ಮಾಸ್ಟರನ್ನು ನೋಡಿದರು, ಮತ್ತೆ ಚೀಟಿ ನೋಡಿದರು.

"ದಿನಕ್ಕೆ ಮೂವತ್ತು ಸಾವಿರ ನಡೆದೂ ಸಕ್ಕರೆ ಏರಿದೆ ಅಂದ್ರೆ ಇದು ಸಾಮಾನ್ಯ ಅಲ್ಲ ಮಾಸ್ಟರ್ರೇ. ಒಳಗೆ ಬೇರೇನೋ ದೊಡ್ಡದು ಇರ್ಬೇಕು. ನಾಳೆನೇ ದೊಡ್ಡಾಸ್ಪತ್ರೆಗೆ ಸೇರ್ಕೊಳ್ಳಿ. ಎಲ್ಲಾ ಪರೀಕ್ಷೆ ಮಾಡಿಸೋಣ."

ಮನೆಗೆ ಬಂದವಳೇ ಹೆಂಡತಿ ಚೀಲಕ್ಕೆ ಎರಡು ಟವೆಲು, ಸೋಪು, ಅವರ ಮೆತ್ತನೆಯ ಹಳೇ ಅಂಗಿ ತುಂಬತೊಡಗಿದಳು. ಅಂಗಿ ಮಡಚುತ್ತ ಮಡಚುತ್ತ ಬಿಕ್ಕಿದಳು.

"ನನ್ನದೇ ತಪ್ಪು ರೀ. ಟಿವಿ ಆಸೆ ತೋರಿಸಿ ಹತ್ತು ಸಾವಿರ ನಡೀರಿ ಅಂದೆ. ನೀವು ನನ್ನ ಸಲುವಾಗಿ ಮೂವತ್ತು ನಡೆದ್ರಿ. ಜೀವ ಸವೆಸಿಬಿಟ್ಟೆ ನಿಮ್ಮದು. ನಮ್ಮಣ್ಣನ ಹಾಗೆ ನಿಮಗೂ ಆದ್ರೆ ನಾನು ಹೇಗಿರ್ಲಿ?"

ದೊಡ್ಡಾಸ್ಪತ್ರೆಯ ಸೂಜಿಗೆ ಮಾಸ್ಟರು ಹೆದರುವವರಲ್ಲ, ಸೂಜಿಯ ಜೊತೆಗೇ ಬಾಳಿದವರು. ಈ ಅಳು ಮಾತ್ರ ಅವರಿಂದ ತಡೆಯಲಾಗಲಿಲ್ಲ. ಅವಳ ಕೈಹಿಡಿದು ಹದಿನೇಳು ಮೆಟ್ಟಿಲು ಇಳಿಸಿದರು. ವಾಚನ್ನು ಕಾಲಿಗೆ ಕಟ್ಟಿಕೊಂಡರು. ಮಷಿನ್ ಮುಂದೆ ಕೂತರು.

"ಫೋನ್ ನೋಡ್ತಿರು," ಎಂದು ಪೆಡಲ್ ತುಳಿದರು.

ಟಕಟಕ ಟಕಟಕ. ಫೋನಿನಲ್ಲಿ ಇಪ್ಪತ್ತು ಹೆಜ್ಜೆ ಏರಿತು. ನಲವತ್ತಾಯಿತು. ನೂರಾಯಿತು. ಹೆಂಡತಿ ಫೋನನ್ನೂ ಕಾಲನ್ನೂ ಮೂರು ಸಲ ನೋಡಿ, ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮಾಸ್ಟರಿಗೆ ಗೊತ್ತಾಗಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

"ತಪ್ಪಾಯ್ತು ಕಣೇ," ಎಂದರು.

"ಮೊದಲು ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿ."

ಹೇಳಿದರು. ಡಾಕ್ಟರಮ್ಮ ನಕ್ಕ ನಗು ಎದುರು ಅಂಗಡಿಯ ದಿನಸಿಯವನಿಗೂ ಕೇಳಿಸಿತು. ಅವನು ಆ ಕ್ಷಣದಿಂದಲೇ ಮತ್ತೆ ಮಾತಾಡತೊಡಗಿದ. ಮಾತು ನಿಲ್ಲಿಸಲೇ ಇಲ್ಲ ಎಂಬುದು ಬೇರೆ ಮಾತು.

ಹೆಂಡತಿ ಮಾತ್ರ ಎರಡು ದಿನ ಮೌನ. ಬಾಳೆಹಣ್ಣು ನಿಂತಿತು, ದ್ರಾಕ್ಷಿ ನಿಂತಿತು. ಎರಡನೆಯ ದಿನ ಬೆಳಿಗ್ಗೆ ಅವಳೇ ವಾಚು ಕಟ್ಟಿಕೊಂಡು ಎಲ್ಲಿಗೋ ಹೋಗಿ ಮಧ್ಯಾಹ್ನ ಬಂದಳು. ಸಂಜೆ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು.

"ಟಿವಿ ಬಂತು."

ಮಾಸ್ಟರು ಚಂಗನೆ ಎದ್ದರು. "ಏನಂದೆ?"

"ತಿಂಗಳು ಮುಗಿಯೋ ಮೊದಲೇ ನಿಮಗೆ ಗೊತ್ತಾಗದ ಹಾಗೆ ಆರ್ಡರ್ ಮಾಡಿದ್ದೆ. ಐವತ್ತೈದು ಇಂಚು. ಇವತ್ತು ಗೋಡೆಗೆ ಹಾಕಿಸ್ದೆ."

ಮಾಸ್ಟರು ಹಾಲ್‌ಗೆ ಓಡಿದರು. ಗೋಡೆ ಬೋಳಾಗಿತ್ತು. ಬೆಡ್‌ರೂಮ್ ನೋಡಿದರು, ಅಡುಗೆಮನೆಯನ್ನೂ ನೋಡಿ ಬಂದರು.

"ಎಲ್ಲೇ ಟಿವಿ?"

"ನಿಮ್ಮ ತಂಗಿ ಮನೇಲಿ. ವಾಚ್ ಕಟ್ಕೊಂಡು ನಾನೇ ನಡೆದು ಅಳೆದಿದ್ದೀನಿ. ಹೋಗೋಕೆ ಐದು ಸಾವಿರ ಹೆಜ್ಜೆ, ಬರೋಕೆ ಐದು ಸಾವಿರ. ದಿನಾ ಸಂಜೆ ಹೋಗಿ ಎಷ್ಟು ಬೇಕೋ ಅಷ್ಟು ನೋಡ್ಕೊಂಡು ಬನ್ನಿ."

ಮಾಸ್ಟರಲ್ಲಿ ಕೊನೆಯ ಆಸೆಯೊಂದು ಮಿಣುಕಿತು.

"ಅವಳ ಮನೆ ಮಕ್ಕಳೆಲ್ಲ ಟಿವಿ ಮುಂದೆ ಕೂತಿರ್ತಾರೆ. ನನ್ನ ಕೈಗೆ ರಿಮೋಟ್ ಸಿಗುತ್ತೇನೇ? ಹೋಗಿ ಏನು ಪ್ರಯೋಜನ?"

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು, ಚೀಲವನ್ನು ಹೆಗಲಿಗೇರಿಸಿದಳು.

"ರಿಮೋಟ್ ನನ್ನ ಚೀಲದಲ್ಲಿದೆ. ನಾನೂ ದಿನಾ ಜೊತೆಗೆ ಬರ್ತೀನಿ. ಏಳಿ, ನಡೀರಿ!"